ಇಸ್ಮಾಯಿಲಸಾಬ ಹಾಕದ ಸಹಿ

ಬ್ಯಾಡಗಿಯ ಇಸ್ಮಾಯಿಲಸಾಬ ತೀರಿಕೊಂಡು ಎರಡು ತಿಂಗಳಾಯಿತು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ನಾನು ಮಾಸ್ತರನಾದೆ, ಅವನು ಮೆಣಸಿನಕಾಯಿ ಲಾರಿ ಹತ್ತಿದ.

ಇಲ್ಲಿ ಅವನಿಗೆ ಲೈಸೆನ್ಸ್ ಸಿಕ್ಕಿದ್ದು ಸಲೀಸಾಗಿ. ಏಜೆಂಟನಿಗೆ ಎರಡು ಫೋಟೊ ಕೊಟ್ಟು, ಪರೀಕ್ಷೆಯ ದಿನ ಲಾರಿಯನ್ನು ಹತ್ತು ಮಾರು ಮುಂದಕ್ಕೆ ಓಡಿಸಿದ್ದ. ಅದೇ ಲೈಸೆನ್ಸಿನಲ್ಲಿ ಹದಿನಾಲ್ಕು ವರ್ಷ ಮುಂಬೈ, ಮದುರೈ ತಿರುಗಿದ. ಆಮೇಲೆ ಕೆಲಸಕ್ಕೆಂದು ಮಸ್ಕತ್ತಿಗೆ ಹೋದ. ಅಲ್ಲಿ ನಮ್ಮ ಲೈಸೆನ್ಸ್ ತೋರಿಸಿದರೆ ಸಾಲದು, ಹೊಸದಾಗಿ ಪರೀಕ್ಷೆ ಕೊಡಬೇಕು. ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು, ತಾಗಿದರೆ ಫೇಲು. ದಿಬ್ಬದ ಮೇಲೆ ನಿಲ್ಲಿಸಿ, ಹಿಂದೆ ಜಾರದಂತೆ ಹೊರಡಬೇಕು. ಮೂರು ಸಲ ಫೇಲಾದ. ನಾಲ್ಕನೆಯ ಸಲ ಪಾಸಾದಾಗ ಫೋನು ಮಾಡಿದ: “ಇವತ್ತ ಖರೇ ಡ್ರೈವರ ಆದೆ ನೋಡಲೇ. ಇಷ್ಟ ದಿನ ಅಲ್ಲಾನ ಓಡಸಾಕತ್ತಿದ್ದ.”

ತಿರುಗಿ ಬಂದ ಮೇಲೆ ರಾಣೇಬೆನ್ನೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸತೊಡಗಿದ. ಅಲ್ಲಿಯೂ ಬಯಲಿನಲ್ಲಿ ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿದ. ಬೇರೆ ದೇಶಗಳ ನಿಯಮಗಳನ್ನು ನನ್ನಿಂದ ಓದಿಸಿ ಕೇಳುತ್ತಿದ್ದ. ಫಿನ್‌ಲ್ಯಾಂಡಿನಲ್ಲಿ ಜಾರುವ ನೆಲದ ಮೇಲೆ ಓಡಿಸುವುದನ್ನೂ ಕಲಿಸುತ್ತಾರೆಂದು ನಾನು ಹೇಳಿದ ಮರುದಿನವೇ ಬಯಲಿಗೆ ಒಂದು ಟ್ಯಾಂಕರ್ ನೀರು ಬಿಡಿಸಿ, ಮಾಲೀಕ ಶಂಭುಲಿಂಗನಿಂದ ಬೈಸಿಕೊಂಡ.

ಲಾರಿಯ ಲೈಸೆನ್ಸಿಗೆ ಸ್ಕೂಲಿನವರು ತರಬೇತಿಯ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಸಹಿ ಹಾಕುವವನು ಇಸ್ಮಾಯಿಲ. ಡ್ರಮ್ಮಿಗೆ ತಾಗಿಸಿದವರಿಗೆ ಅವನು ಸಹಿ ಹಾಕುತ್ತಿರಲಿಲ್ಲ. ಶಂಭುಲಿಂಗನ ಅಳಿಯನಿಗೂ ಹಾಕಲಿಲ್ಲ.

ಇಸ್ಮಾಯಿಲನಿಗೆ ಮಣ್ಣು ಕೊಟ್ಟು ಹತ್ತೊಂಬತ್ತು ದಿನವಾಗಿತ್ತು. ಹಳೇ ಲಾರಿಯೊಂದನ್ನು ಕೊಂಡಿದ್ದ ನಮ್ಮ ನೆರೆಮನೆಯ ಮೈಲಾರಲಿಂಗ ಲೈಸೆನ್ಸಿನ ಅರ್ಜಿಯನ್ನು ನನ್ನಿಂದ ತುಂಬಿಸಿಕೊಳ್ಳಲು ಬಂದ. ಅವನ ಪ್ರಮಾಣಪತ್ರದ ಕೆಳಗೆ ಇಸ್ಮಾಯಿಲನ ಸಹಿ, ನಿನ್ನೆಯ ತಾರೀಖು. ಎಷ್ಟು ದಿನ ಕಲಿತೆ ಎಂದು ಕೇಳಿದೆ.

“ಹೋಗೇ ಇಲ್ರಿ ಸರ. ಬರೂದು ಬ್ಯಾಡ ಅಂದ್ರು.”

ಬಸ್ಸು ಹಿಡಿದು ರಾಣೇಬೆನ್ನೂರಿಗೆ ಹೋದೆ. ಶಂಭುಲಿಂಗ ಏನನ್ನೂ ಮುಚ್ಚಿಡಲಿಲ್ಲ. ಆ ಸಹಿಯ ರಬ್ಬರ್ ಸಿಕ್ಕಾ ಮಾಡಿಸಿ ಎರಡು ವರ್ಷವಾಗಿತ್ತಂತೆ. ಇಸ್ಮಾಯಿಲ ಒಲ್ಲೆನೆಂದವರಿಗೆಲ್ಲ ಅದನ್ನೇ ಒತ್ತಿ ಕಳಿಸಿದ್ದನಂತೆ. ಚಹಾ ತರಿಸಿ, ಸಿಕ್ಕಾವನ್ನು ಮೇಜಿನ ಮೇಲಿಟ್ಟು ಹೇಳಿದ: “ಅವರು ಹೋದ್ರೂ ಹೆಸರು ಉಳೀಬೇಕಲ್ರಿ ಮಾಸ್ತರ. ಅವರ ಸಹಿ ಅಂದ್ರ ಯಾರೂ ಎರಡನೇ ಮಾತ ಆಡೂದಿಲ್ಲ.”

ನನಗೆ ಹೇಸಿಗೆಯಾಯಿತು. ಹೆಣದ ಕೈ ಹಿಡಿದು ಬರೆಸಿಕೊಂಡವನು ನನ್ನೆದುರಿಗೆ ಬಿಸ್ಕಿಟನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ.

ಇಸ್ಮಾಯಿಲನ ಹೆಂಡತಿ ಮಾಬೂಬಿಗೆ ತಿಳಿಸಿದೆ. ಅವಳು ಗಂಡನ ಮರಣ ಪ್ರಮಾಣಪತ್ರ ತಂದು ಕೈಗಿಟ್ಟಳು. “ಅವರು ಮಾಡದ ಪಾಪ ಅವರ ಹೆಸರಿಗೆ ಬ್ಯಾಡ. ಬರೀರಿ ಅಣ್ಣಾರ.” ಬರೆದೆ. ಹಾವೇರಿಯ ಆರ್‌ಟಿಒ ಕಚೇರಿಗೆ ಹೋಗಿ ದೂರು ಕೊಟ್ಟು ಬಂದೆ.

ಹೋದ ವಾರ ಮೈಲಾರಲಿಂಗ ಹೊಸ ಪ್ರಮಾಣಪತ್ರ ತಂದ. ಅದೇ ಸ್ಕೂಲು. ಸಹಿ ಮಾತ್ರ ನಾನು ಹೆಸರೇ ಕೇಳಿರದ ಯಾರದೋ. ಈ ಸಲವೂ ಅವನು ಸ್ಟಿಯರಿಂಗ್ ಮುಟ್ಟಿರಲಿಲ್ಲ. ನಾನು ಅರ್ಜಿ ತುಂಬಲಿಲ್ಲ. ಬೇರೆ ಯಾರೋ ತುಂಬಿಕೊಟ್ಟರಂತೆ.