ಚಿನ್ನದ ಪ್ರಶ್ನೆ ಸಿಲೆಬಸ್‌ನಲ್ಲಿ ಇಲ್ಲವಂತೆ

ಡಿಗ್ರಿಯನ್ನು ಗೋಡೆಗೆ ನೇತುಹಾಕಿ, ಕಂಡವರ ಊಟದ ಫೋಟೋಗೆ ಲೈಕ್ ಒತ್ತುತ್ತ ಕೂತಿದ್ದೀರಲ್ಲ ಸೋಮಾರಿಗಳೇ, ಇವತ್ತಾದರೂ ಸ್ವಲ್ಪ ಉಪಯೋಗಕ್ಕೆ ಬನ್ನಿ.

ತೀರ್ಥಹಳ್ಳಿಯಲ್ಲಿ ಬಿ.ಕಾಂ. ಓದುವ ನನ್ನ ಮೊಮ್ಮಗಳು ಸಿಂಚನಾ ಹೋದ ಸಲ ಅರ್ಥಶಾಸ್ತ್ರದಲ್ಲಿ ಫೇಲಾದವಳು. ಮನೆಯಲ್ಲಿ ಯಾರಿಗಾದರೂ ಪಾಠ ಹೇಳಿ, ಅವರಿಗೆ ಅರ್ಥವಾದ ವಿಡಿಯೋ ಕಳಿಸಿದರೆ ಮಾರ್ಕ್ಸ್ ಎಂದಿದ್ದಾರಂತೆ ಮೇಷ್ಟ್ರು. ಬೆಳಿಗ್ಗೆ ನನ್ನೆದುರು ಮೊಬೈಲ್ ಹಿಡಿದಳು.

“ಬೆಲೆ ಏರಿದ್ರೆ ಜನ ತಗೊಳ್ಳೋದು ಕಮ್ಮಿ ಆಗ್ತದೆ. ಅರ್ಥ ಆಯ್ತು ಅನ್ನು ಅಜ್ಜಿ.”

“ಮತ್ತೆ ಚಿನ್ನದ ಬೆಲೆ ಏರಿದಾಗೆಲ್ಲ ಹೊಸನಗರದ ನಿನ್ನ ಅತ್ತೆ ಅಂಗಡಿಗೆ ಓಡ್ತಾಳಲ್ಲ, ಎಂತಕ್ಕೆ?”

“ಅದು ಸಿಲೆಬಸ್‌ನಲ್ಲಿಲ್ಲ. ಸುಮ್ನೆ ಅರ್ಥ ಆಯ್ತು ಅನ್ನು ಮಾರಾಯ್ತಿ.”

“ನಿಂಗೆ ಅರ್ಥ ಆಗಿದ್ಯಾ?”

“ನಂಗ್ಯಾಕೆ ಆಗ್ಬೇಕು? ವಿಡಿಯೋದಲ್ಲಿ ಆಗ್ಬೇಕಾದ್ದು ನಿಂಗೆ.”

ಅರ್ಥ ಆಗದ್ದನ್ನು ಆಯ್ತು ಅನ್ನಲು ನಾನು ಒಪ್ಪಲಿಲ್ಲ. ಅವಳು ಸಿಟ್ಟಿನಿಂದ ಅಜ್ಜನ ಹತ್ತಿರ ಹೋದಳು. ಕಿವಿಯ ಮಿಷನ್ ತೆಗೆದಿಟ್ಟು ಕೂತಿದ್ದ ಅವರು ಪಾಠದುದ್ದಕ್ಕೂ ತಲೆ ಆಡಿಸಿ, ಕೊನೆಗೆ “ಅರ್ಥ ಆಯ್ತು” ಎಂದರು. ಮದುವೆಯಾದಾಗಿನಿಂದ ನನಗೂ ಅದನ್ನೇ ಹೇಳುತ್ತಿದ್ದಾರೆ. ಸಂಜೆ ಅವಳಿಗೆ ಪೂರ್ತಿ ಮಾರ್ಕ್ಸ್ ಬಂತು.

ಆದರೆ ಪರೀಕ್ಷೆ ಮುಂದಿನ ತಿಂಗಳು, ಅಲ್ಲಿ ಅಜ್ಜನನ್ನು ಕೂರಿಸಲು ಬಿಡುವುದಿಲ್ಲ. ಹೆಬ್ಬೆರಳಿನ ಚಿತ್ರ ಒತ್ತಿ ಓಡಬೇಡಿ. ತಲೆ ಆಡಿಸುವವರು ನಮ್ಮ ಮನೆಯಲ್ಲೇ ಇದ್ದಾರೆ. ಚಿನ್ನದ ಉತ್ತರ ಗೊತ್ತಿದ್ದವರು ಈ ತಿಂಗಳು ಮುಗಿಯುವುದರೊಳಗೆ ಇಲ್ಲಿ ಬರೆಯಿರಿ.