ಓಡುತ್ತಲೇ ಇದ್ದ ಹಸಿರು ಗೆರೆ

ಮಹಾನಂದಾ ಮಾಡುವ ಕೆಲಸ ಏನೆಂದು ಇಳಕಲ್ಲಿನ ಅವಳ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೈಮಗ್ಗದ ಮುಂದೆಯೇ ಆಯುಷ್ಯ ಕಳೆದ ಅವಳ ತಾಯಿ ದುರ್ಗವ್ವ, ಕೇಳಿದವರಿಗೆ "ದವಾಖಾನಿ ಮಷೀನಿನ ಕೆಲಸ ಮಾಡ್ತಾಳ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಅದು ಸುಳ್ಳೇನಲ್ಲ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ರೋಗಿಯ ಮಂಚದ ಪಕ್ಕದಲ್ಲಿಡುವ ಮಾನಿಟರ್‌ಗಳನ್ನು ತಯಾರಿಸುತ್ತಿತ್ತು. ಬೆರಳಿಗೆ ಕ್ಲಿಪ್ ಹಾಕಿದರೆ ಪರದೆಯ ಮೇಲೆ ನಾಡಿಯ ಸಂಖ್ಯೆ, ಅದರ ಕೆಳಗೆ ಏರಿಳಿಯುತ್ತ ಓಡುವ ಹಸಿರು ಗೆರೆ. ಯಂತ್ರದೊಳಗೆ ಏಕಕಾಲಕ್ಕೆ ಹಲವು ಪ್ರೋಗ್ರಾಮುಗಳು ಓಡುತ್ತಿರುತ್ತವೆ. ಯಾವುದಕ್ಕೆ ಎಷ್ಟು ಹೊತ್ತು, ಎಷ್ಟು ಜಾಗ ಎಂದು ಹಂಚಿಕೊಡುವ ಒಳಗಿನ ಯಜಮಾನಿಕೆಗೆ ಕರ್ನಲ್ ಎನ್ನುತ್ತಾರೆ. ಜಗತ್ತಿನ ಯಾವ್ಯಾವುದೋ ಮೂಲೆಯ ಜನ ಸೇರಿ ಬರೆದ, ಯಾರು ಬೇಕಾದರೂ ತೆಗೆದು ಓದಬಹುದಾದ ಕರ್ನಲ್ ಅದು. ಅದನ್ನು ಈ ಮಾನಿಟರ್‌ಗೆ ಹೊಂದಿಸುವುದು ಮಹಾನಂದಾಳ ಕೆಲಸ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿದವಳು ಮನೆಯ ಮುಂದಿನ ಕೋಣೆಯಲ್ಲಿ ಕೂತು, ಪಕ್ಕದ ಮನೆಯ ಪವರ್‌ಲೂಮಿನ ಸದ್ದಿನಲ್ಲೇ ಆ ಕೆಲಸ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಹುನಗುಂದದಿಂದ ಅಲೀಮಾ ಬಂದಳು. ಅಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದ ಹುಡುಗಿ. ಹಿಂದಿನ ವರ್ಷ ಮಾನಿಟರ್ ಕೂಡಿಸಲು ಹೋದಾಗ ಮಹಾನಂದಾಳೇ ಅವಳಿಗೆ ಅದನ್ನು ನಡೆಸಲು ಕಲಿಸಿದ್ದಳು. ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಕೇಳಿದಳು:

"ಅಕ್ಕಾ, ನಿಮ್ಮ ಮಷೀನ ಸತ್ತ ಮನಶ್ಯಾನ ನಾಡಿ ತೋರಸ್ತೈತೇನ್ರಿ?"

ಒಳಗೆ ಕರೆದು ಕೂಡಿಸಿ ನೀರು ಕೊಟ್ಟ ಮೇಲೆ ವಿಷಯ ಹೊರಬಿತ್ತು. ಅಮೀನಗಡದ ಹತ್ತಿರದ ಹಳ್ಳಿಯಲ್ಲಿ ನಳದ ನೀರು ಬಿಡುವ ಕೆಲಸದಲ್ಲಿದ್ದ ಪಾಂಡಪ್ಪ ಎದೆನೋವೆಂದು ದಾಖಲಾಗಿದ್ದ. ಮರುದಿನ ಮುಂಜಾನೆ ಡಾಕ್ಟರು ಬಂದು ಮೈಮುಟ್ಟಿದಾಗ ಮೈ ತಣ್ಣಗಾಗಿತ್ತು. ಪರದೆಯ ಮೇಲೆ ಮಾತ್ರ ನಾಡಿ ಎಪ್ಪತ್ತೆಂಟು. ಡಾಕ್ಟರು ಗಾಬರಿಯಿಂದ ಯಂತ್ರವನ್ನು ಬಂದ್ ಮಾಡಿ ಮತ್ತೆ ಹಚ್ಚಿದರು. ಆಗ ಅದು ನೇರ ಗೆರೆ ಎಳೆಯಿತು. ಎಪ್ಪತ್ತೆಂಟರ ಮಾತನ್ನು ಡಾಕ್ಟರು ಎತ್ತಲಿಲ್ಲ; ಮಂದಿ ಸೇರುವಷ್ಟರಲ್ಲಿ ಯಂತ್ರ ಸರಿಯಾಗೇ ಇತ್ತು, ನರ್ಸ್ ನೋಡಿರಲಿಲ್ಲ ಎಂದಾಯಿತು. ಪಾಂಡಪ್ಪನ ಹೆಂಡತಿ ಮರೆವ್ವ ಅಲೀಮಾಳ ಕೂದಲು ಹಿಡಿದು ಹೊಡೆದಿದ್ದಳು. ಸಂಜೆಗೆ ಕೆಲಸವೂ ಹೋಗಿತ್ತು.

"ನಾ ನೋಡೀನ್ರಿ ಅಕ್ಕಾ. ಎರಡೆರಡ ಸಲ ನೋಡೀನಿ. ನಂಬರ ಇತ್ತು, ಗೆರಿ ಓಡಾಕತ್ತಿತ್ತು. ಗೆರಿ ನಿಂತಿದ್ರ ನನಗ ತಿಳೀತಿರಲಿಲ್ಲೇನ್ರಿ?"

"ಅದಕ್ಕೂ ಮೊದಲ ಏನರ ಆಗಿತ್ತೇನ? ನೆನಪ ಮಾಡ್ಕೊ."

ಅಲೀಮಾ ಯೋಚಿಸಿದಳು. "ಅವರು ಸಂಕಟಾಗಿ ಕ್ಲಿಪ್ ಕಿತ್ತ ಒಗದಿದ್ರು. ನಾ ಹೊಳ್ಳಿ ಹಾಕೀನಿ. ಎಪ್ಪತ್ತೆಂಟ ಬಂತು. ಬಂತಲ್ಲ ಅಂತ ಬಾಜೂ ಮಂಚಕ್ಕ ಹೋದ್ನಿ."

ಅವಳು ಹೋದ ಮೇಲೆ ಮಹಾನಂದಾ ಯೋಚಿಸುತ್ತ ಕೂತಳು. ಯಂತ್ರ ಕೆಟ್ಟು ಪರದೆ ಕಪ್ಪಾಗಬಹುದು, ಅಥವಾ ಗೆರೆ ನಿಂತುಬಿಡಬಹುದು. ಸತ್ತವನ ಗೆರೆ ಓಡುವುದೆಂದರೆ ಹೇಗೆ? ಹುಡುಗಿ ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿರಬಹುದು ಎಂಬ ಅನುಮಾನವೂ ಬಂತು. ಆದರೆ ಕ್ಲಿಪ್ ಕಿತ್ತ ಮಾತನ್ನು ಅಲೀಮಾ ಕಟ್ಟಿ ಹೇಳಿದಂತೆ ತೋರಲಿಲ್ಲ. ಕಂಪನಿಯಲ್ಲಿ ಪರೀಕ್ಷೆಗೆ ಇಟ್ಟಿದ್ದು ರಬ್ಬರಿನ ಬೆರಳು. ಅದು ಎಂದೂ ಕ್ಲಿಪ್ ಕಿತ್ತಿರಲಿಲ್ಲ.

ಅಲ್ಲಿಂದ ಅವಳು ಹುಡುಕತೊಡಗಿದಳು. ಮಾನಿಟರ್‌ನಲ್ಲಿ ನಾಡಿಯನ್ನು ಅಳೆಯುವ ಪ್ರೋಗ್ರಾಮೇ ಬೇರೆ, ಪರದೆಗೆ ತರುವುದೇ ಬೇರೆ. ಮೊದಲನೆಯದು ಬರೆದದ್ದನ್ನು ಎರಡನೆಯದು ಓದಲೆಂದು ಇಬ್ಬರಿಗೂ ಸೇರಿದ ಒಂದು ತುಂಡು ಮೆಮೊರಿ ಇತ್ತು. ಕ್ಲಿಪ್ ಕಿತ್ತು ಮತ್ತೆ ಹಾಕಿದಾಗ ಹಳೆಯ ತುಂಡನ್ನು ತೆಗೆದುಹಾಕಿ ಹೊಸದನ್ನು ಮಾಡುವುದು ಪದ್ಧತಿ. ಆ ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೆ ಕೈಹಾಕಬಾರದೆಂದು ಕರ್ನಲ್‌ನಲ್ಲಿ ಬೀಗ ಇರುತ್ತದೆ. ಬೀಗ ಹಿಡಿದವರು ಬಿಡುವ ತನಕ ಇನ್ನೊಬ್ಬರು ಕಾಯಬೇಕು. ಬೀಗವೇನೋ ಇತ್ತು. ಆದರೆ ಕರ್ನಲ್ ಮೊದಲು "ಈ ತುಂಡು ಇನ್ನೂ ಇದೆಯೇ" ಎಂದು ನೋಡಿ, ಇದೆ ಎಂದು ತಿಳಿದುಕೊಂಡು, ಆಮೇಲೆ ಬೀಗ ಹಿಡಿಯುತ್ತಿತ್ತು. ನೋಡಿದ್ದಕ್ಕೂ ಹಿಡಿದದ್ದಕ್ಕೂ ನಡುವೆ ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಪಾಲು ಸಣ್ಣ ಸಂದು. ಅಷ್ಟರಲ್ಲಿ ಇನ್ನೊಂದು ಪ್ರೋಗ್ರಾಮು ಆ ತುಂಡನ್ನು ತೆಗೆದುಹಾಕಿದರೆ, ಪರದೆಯ ಪ್ರೋಗ್ರಾಮು ತೆಗೆದುಹಾಕಿದ್ದಕ್ಕೇ ಅಂಟಿಕೊಂಡು ಉಳಿಯುತ್ತಿತ್ತು. ಅದರಲ್ಲಿದ್ದ ಕೊನೆಯ ಕೆಲವು ಬಡಿತಗಳನ್ನೇ ಸುತ್ತಿ ಸುತ್ತಿ ಓದುತ್ತಿತ್ತು. ಅಪಾಯದ ಗಂಟೆ ಬಾರಿಸುವ ಪ್ರೋಗ್ರಾಮೂ ಅದನ್ನೇ ನಂಬಿತ್ತು.

ಇದು ಅವಳ ಊಹೆಯಷ್ಟೇ. ಸಾವಿರ ಸಲ ಕ್ಲಿಪ್ ಕಿತ್ತರೂ ಒಮ್ಮೆಯೂ ಆಗದಿರಬಹುದು. ಹಾಗಾಗಿ ಕೆಲಸಕ್ಕೆಂದು ಮನೆಯಲ್ಲಿದ್ದ ಮಾನಿಟರಿನ ಆ ಸಂದಿನಲ್ಲಿ ಬೇಕೆಂದೇ ಸ್ವಲ್ಪ ತಡ ತುಂಬಿ ಅದನ್ನು ಅಗಲಿಸಿದಳು. ತನ್ನ ಬೆರಳಿಗೇ ಕ್ಲಿಪ್ ಹಾಕಿದಳು, ಕಿತ್ತಳು, ಮತ್ತೆ ಹಾಕಿದಳು. ಎಂಬತ್ತನಾಲ್ಕು ಎಂದು ತೋರಿಸಿತು. ಈಗ ಕ್ಲಿಪ್ ತೆಗೆದು ಮೇಜಿನ ಮೇಲಿಟ್ಟಳು.

ಎಂಬತ್ತನಾಲ್ಕು. ಗೆರೆ ಏರಿತು, ಇಳಿಯಿತು, ಮತ್ತೆ ಏರಿತು.

ಚಹಾ ತಂದ ದುರ್ಗವ್ವ ಪರದೆಯನ್ನೂ ಮಗಳ ಬರಿಗೈಯನ್ನೂ ನೋಡಿದಳು. "ಯಾರದ ಅದು?" ಎಂದಳು.

"ನಂದ."

"ನಿನ್ನ ಕೈ ಇಲ್ಲೈತಲ್ಲ?"

ಮಹಾನಂದಾ ಮೇಜಿನ ಮೇಲೆ ಬಿದ್ದಿದ್ದ ಕ್ಲಿಪ್ಪಿನ ಕಡೆ ಬೆರಳು ತೋರಿಸಿದಳು.

ತಿದ್ದುವ ಕೆಲಸ ದೊಡ್ಡದೇನಿರಲಿಲ್ಲ. ಬೀಗ ಹಿಡಿದ ಮೇಲೆ ಇನ್ನೊಮ್ಮೆ ನೋಡಬೇಕು. ತುಂಡು ಇಲ್ಲವಾಗಿದ್ದರೆ ಬೀಗ ಬಿಟ್ಟು ಹೊಸದನ್ನು ಹುಡುಕಬೇಕು. ನಾಲ್ಕಾರು ಸಾಲು. ತಿದ್ದಿದ ಮೇಲೆ, ಸಂದನ್ನು ಹಾಗೇ ಅಗಲವಾಗಿ ಇಟ್ಟು ಮತ್ತೆ ಮತ್ತೆ ಕ್ಲಿಪ್ ಕಿತ್ತು ನೋಡಿದಳು. ಪ್ರತಿ ಸಲವೂ ಗೆರೆ ನೇರವಾಗಿ ಮಲಗಿತು, ಗಂಟೆ ಹೊಡೆದುಕೊಂಡಿತು.

ಹುಬ್ಬಳ್ಳಿಗೆ ಹೋಗಿ ಕಂಪನಿಯ ಮಾಲಕ ಸಂಗಮೇಶನಿಗೆ ಎಲ್ಲವನ್ನೂ ತೋರಿಸಿದಳು. ಕೆಟ್ಟ ಮನುಷ್ಯನಲ್ಲ. ತಾಲೂಕು ಊರಿನ ದವಾಖಾನೆಗೂ ಇಂಥ ಯಂತ್ರ ಸಿಗಬೇಕೆಂದು ಕಂಪನಿ ಕಟ್ಟಿದವನು. ನೋಡುತ್ತ ನೋಡುತ್ತ ಅವನ ಮುಖ ಇಳಿಯಿತು. ಆಮೇಲೆ, "ಎಲ್ಲಾ ಮಷೀನಿಗೂ ಇವತ್ತ ಹಾಕಿಬಿಡೂಣ್ರಿ," ಎಂದ.

"ದವಾಖಾನಿಗೋಳಿಗೆ ಏನಂತ ಹೇಳೂದ್ರಿ ಸರ್?"

"ಏನೂ ಹೇಳೂದ ಬ್ಯಾಡ. ಸ್ಕ್ರೀನ್ ಸುಧಾರಣಾ ಅಂತ ಹಾಕ್ರಿ. ಖರೇ ಹೇಳಿದ್ರ ನಾಳೆ ಒಬ್ಬರೂ ನಮ್ಮ ಮಷೀನ ಇಟ್ಕೊಳ್ಳೂದಿಲ್ಲ."

"ಆ ಹುಡಗಿ ಕೆಲಸ ಹೋಗೇತ್ರಿ. ಒಬ್ಬ ಮನಶ್ಯಾ ಸತ್ತಾನ."

"ಅವ ನಮ್ಮಿಂದ ಸತ್ತಾನಂತ ನಿಮಗ ಹೆಂಗ ಗೊತ್ತು?"

ಅದು ಅವಳಿಗೆ ಗೊತ್ತಿರಲಿಲ್ಲ. ಆದರೂ ಸಂದು ಅಗಲಿಸಿದ್ದ, ತಿದ್ದುಪಡಿ ಇನ್ನೂ ಸೇರದ ಒಂದು ಮಾನಿಟರನ್ನು ಚೀಲಕ್ಕೆ ಹಾಕಿಕೊಂಡು, ಅಲೀಮಾಳನ್ನು ಕರೆದುಕೊಂಡು ಹುನಗುಂದದ ದವಾಖಾನೆಗೆ ಹೋದಳು. ಡಾಕ್ಟರ ಬೆರಳಿಗೇ ಕ್ಲಿಪ್ ಹಾಕಿ, ಕಿತ್ತು, ಹಾಕಿ, ತೆಗೆದಿಟ್ಟಳು. ತಮ್ಮ ನಾಡಿ ತಮ್ಮನ್ನು ಬಿಟ್ಟು ಬಡಿಯುವುದನ್ನು ಡಾಕ್ಟರು ಬಹಳ ಹೊತ್ತು ನೋಡಿದರು. ಅದೇ ಮಧ್ಯಾಹ್ನ ವಾರ್ಡಿನ ಮಾನಿಟರ್‌ಗಳನ್ನೆಲ್ಲ ತೆಗೆಸಿದರು. ಅಲೀಮಾಳ ಕಡೆ ತಿರುಗಿ ನೋಡಲು ಅವರಿಂದ ಆಗಲಿಲ್ಲ.

"ಆ ಜಾಗಕ್ಕ ಬ್ಯಾರೆಯವರು ಬಂದಾರ," ಎಂದರು. "ಇನ್ನ ಹಳೇದ ತಗದ್ರ ಊರ ಮಂದಿ ದವಾಖಾನಿಗೆ ಕಲ್ಲ ಒಗೀತಾರವಾ."

ಅಲೀಮಾ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಸುದ್ದಿ ಹುಬ್ಬಳ್ಳಿಗೆ ಮುಟ್ಟಿತು. ನಾಳೆಯಿಂದ ಕೆಲಸ ಮಾಡುವುದು ಬೇಡ ಎಂದು ಸಂಗಮೇಶ ಮಹಾನಂದಾಳಿಗೆ ಫೋನಿನಲ್ಲಿ ಹೇಳಿದ.

ಮರೆವ್ವನ ಮನೆಗೆ ಇಬ್ಬರೂ ಆ ವಾರವೇ ಹೋದರು. ಅಲೀಮಾ ಅಂಗಳದ ಆಚೆಯೇ ನಿಂತಳು. ಮಹಾನಂದಾ ಬೀಗ, ಮೆಮೊರಿ ಏನನ್ನೂ ಹೇಳಲಿಲ್ಲ. ಯಂತ್ರ ಸುಳ್ಳು ತೋರಿಸಿತು, ಈ ಹುಡುಗಿ ಅದನ್ನು ನಂಬಿದಳು, ಯಂತ್ರದ ತಪ್ಪು ನಮ್ಮದು ಎಂದಳು. ಮರೆವ್ವ ಗೋಡೆಗೆ ಒರಗಿ ಕೇಳಿಸಿಕೊಂಡಳು.

"ಮಷೀನ ಖರೆ ಹೇಳಿದ್ರ ಅವ ಉಳೀತಿದ್ನೇನ?"

"ಗೊತ್ತಿಲ್ಲಬೇ. ಉಳೀಬಹುದಿತ್ತು. ಉಳೀದನೂ ಇರಬಹುದಿತ್ತು."

"ಗೊತ್ತಿಲ್ಲಂದ್ರ ನನ್ನ ಮುಂದ ಯಾಕ ಬಂದ ಹೇಳಿದಿ?" ಮರೆವ್ವನ ದನಿ ಏರಿತು. "ಅಕಿ ತಪ್ಪಂತ ತಿಳಕೊಂಡ ಹೆಂಗರ ಇದ್ದೆ. ಈಗ ಯಾರ್ನ ಬೈಲಿ? ಆ ಡಬ್ಬೀನ ಬೈಲೇನ?"

ಮರೆವ್ವ ಎದ್ದು ಅಂಗಳಕ್ಕೆ ಬಂದಳು. ಅಲೀಮಾ ಎರಡು ಹೆಜ್ಜೆ ಹಿಂದೆ ಸರಿದಳು.

"ನಾ ನಿನ್ನ ಮಂದಿ ಮುಂದ ಹೊಡದೆ," ಎಂದಳು ಮರೆವ್ವ.

"ಇರಲಿ ಬಿಡಬೇ."

"ಇರಲಿ ಅನಬ್ಯಾಡ." ಅಷ್ಟು ಹೇಳಿ ಮರೆವ್ವ ಒಳಗೆ ಹೋದಳು. ಬಾಗಿಲನ್ನೇನೂ ಹಾಕಿಕೊಳ್ಳಲಿಲ್ಲ, ಆದರೆ ಮತ್ತೆ ಹೊರಗೂ ಬರಲಿಲ್ಲ. ಇವರು ಸ್ವಲ್ಪ ಹೊತ್ತು ಕಾದು ಬಸ್ಸಿಗೆ ನಡೆದರು.

ಅದೇ ಕರ್ನಲ್ ಬೇರೆ ಎಷ್ಟು ಯಂತ್ರಗಳಲ್ಲಿದೆಯೋ ಎಂಬ ಚಿಂತೆ ಮಹಾನಂದಾಳನ್ನು ಬಿಡಲಿಲ್ಲ. ತಿದ್ದುಪಡಿಯನ್ನು ಅದನ್ನು ಬರೆಯುವವರ ಮುಂದೆ ಇಟ್ಟಳು. ಯಾವುದೋ ದೇಶದವನೊಬ್ಬ ಎರಡು ಪ್ರಶ್ನೆ ಕೇಳಿ, ಒಂದು ಸಾಲು ಬದಲಿಸಲು ಹೇಳಿ, ಆಮೇಲೆ ಸೇರಿಸಿಕೊಂಡ. ದೋಷವನ್ನು ಮೊದಲು ಕಂಡವರ ಹೆಸರನ್ನು ಅಲ್ಲಿ ನಮೂದಿಸುವ ರೂಢಿಯುಂಟು. ಮಹಾನಂದಾ ಅಲೀಮಾಳ ಹೆಸರು ಹಾಕಿದ್ದಳು.

ಆ ಹೊತ್ತಿಗೆ ಅಲೀಮಾಳಿಗೆ ಬಾದಾಮಿಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಮಹಾನಂದಾ ಫೋನಿನಲ್ಲಿ ವಿಷಯ ಹೇಳಿದಳು.

"ಜಗತ್ತಿನ ಮಂದಿ ಎಲ್ಲಾ ಓದ್ತಾರೇನ್ರಿ ಅಕ್ಕಾ ಅದನ್ನ?"

"ಓದೂವವ್ರು ಓದ್ತಾರ."

"ಹುನಗುಂದದಾಗ ಓದ್ತಾರೇನ್ರಿ?"

"ಇಲ್ಲವಾ," ಎಂದಳು ಮಹಾನಂದಾ.

ಆಚೆ ಕಡೆ ಮುದುಕಿ ಕೆಮ್ಮುವುದು ಕೇಳಿಸಿತು. "ಕರ್ಯಾಕತ್ತಾರ್ರಿ, ಇಡ್ತೇನಿ," ಎಂದು ಅಲೀಮಾ ಫೋನಿಟ್ಟಳು.