ನೆತ್ತಿಯಲ್ಲಿ ಬಾಯಿ ತೆರೆದ ಪೆಟ್ಟಿಗೆ

ಅಣ್ಣಿಗೇರಿಯ ಶಿದ್ಲಿಂಗಪ್ಪನವರು ಲಗ್ನಪತ್ರಿಕೆಗಳನ್ನು ಜೋಡಿಸಿಕೊಡುತ್ತ ಮುದುಕರಾದವರು. ಮೊದಲು ಸೀಸದ ಅಚ್ಚುಮೊಳೆ, ಆಮೇಲೆ ಕಂಪ್ಯೂಟರು. ಉಪಕರಣ ಬದಲಾಯಿತೇ ಹೊರತು ಅವರ ಕಣ್ಣು ಬದಲಾಗಲಿಲ್ಲ. ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿ ಹೋದರೂ ಅಂದು ಅವರಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಅವರ ಹಳೆಯ ಕಂಪ್ಯೂಟರಿನ ಡಬ್ಬಿ ದಪ್ಪ ತಗಡಿನದು. ಮೇಲ್ಭಾಗ ಕಡಪಾ ಕಲ್ಲಿನಂತೆ ಸಪಾಟು. ಗುಂಡಿ ಎದುರಿಗೆ, ಸೀಡಿ ಹಾಕುವ ಬಾಯಿ ಎದುರಿಗೆ, ಗಾಳಿಯ ಕಂಡಿ ಹಿಂದೆ. ಯಾವುದು ಎಲ್ಲಿರಬೇಕೋ ಅಲ್ಲಿತ್ತು. ಅದು ಕೆಟ್ಟು ಕೂತಾಗ ಹುಬ್ಬಳ್ಳಿಯ ಅಂಗಡಿಯವನು ಕೊಟ್ಟದ್ದು ಬೇರೆಯೇ ವಸ್ತು. ಒಂದು ಮಗ್ಗುಲು ಪೂರ್ತಿ ಗಾಜು. ಒಳಗೆ ತಿರುಗುವ ಫ್ಯಾನುಗಳಿಗೆ ಕೆಂಪು, ಹಸಿರು, ನೀಲಿ ದೀಪ. ಸೀಡಿ ಹಾಕುವ ಬಾಯಿಯೇ ಇಲ್ಲ. ಗುಂಡಿ ನೆತ್ತಿಯ ಮೇಲೆ, ಪೆನ್‌ಡ್ರೈವ್ ಚುಚ್ಚುವ ಕಂಡಿಗಳೂ ನೆತ್ತಿಯ ಮೇಲೆ, ಅವುಗಳ ಹಿಂದೆ ಉದ್ದಕ್ಕೂ ಜಾಳಿಗೆ. ಎರಿಮಣ್ಣಿನ ಧೂಳು ಮೇಲಿಂದಲೇ ಇಳಿಯುವ ಊರಿನಲ್ಲಿ ಮೇಲಕ್ಕೆ ಬಾಯಿ ತೆರೆದ ಪೆಟ್ಟಿಗೆ! ಇದನ್ನು ರೂಪಿಸಿದ ಮಹಾನುಭಾವ ಒಂದು ದಿನವಾದರೂ ಕೈಯಲ್ಲಿ ಕಸಬರಿಗೆ ಹಿಡಿದಿದ್ದನೇ ಎಂಬುದು ಶಿದ್ಲಿಂಗಪ್ಪನವರ ಪ್ರಶ್ನೆ.

ತನ್ನ ಮಗಳು ಮಲ್ಲಿಕಾಳ ಲಗ್ನಪತ್ರಿಕೆ ಮಾಡಿಸಲು ಬಂದ ಬಾಲ್ಯದ ಗೆಳೆಯ ಹುಚ್ಚಪ್ಪ ಹೊಸ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದ.

"ಏನ್ಲೇ ಶಿದ್ಯಾ, ಮೀನಿನ ಡಬ್ಬಿ ತಂದೀಯಲ್ಲ! ಮೀನ ಎಲ್ಲೆದಾವು?"

"ನಗಬ್ಯಾಡಲೇ. ಇದರ ಮಾರಿ ಯಾವುದು, ಬೆನ್ನು ಯಾವುದು ಅಂತ ನನಗ ಇನ್ನೂ ತಿಳಿದಿಲ್ಲ."

"ಅದೆಲ್ಲಾ ಇರಲಿ. ನನ್ನ ಲಗ್ನದ ಪತ್ರಿಕಿ ನೀನ ಮಾಡಿದಿ, ತಂಗೀದೂ ನೀನ. ಮಲ್ಲಿಕಾಂದು ನಾಳೆ ಸಂಜೀಕ ಅಚ್ಚಿಗೆ ಹೋಗಬೇಕ ನೋಡು. ಬೀಗರು ಅವಸರ ಮಾಡಾಕತ್ತಾರ."

"ನಾ ಇರೂತನಕ ನಿಮ್ಮ ಮನಿ ಪತ್ರಿಕಿ ಬ್ಯಾರೇ ಕಡೆ ಹೋಗೂದಿಲ್ಲ. ಹೋಗು."

ಮರುದಿನ ಅಮವಾಸ್ಯೆ. ಪತ್ರಿಕೆ ಪರದೆಯ ಮೇಲೆ ಸಿದ್ಧವಾಗಿತ್ತು. ಮುಗಿದ ಕೆಲಸವನ್ನು ಕೂಡಲೇ ಸೀಡಿಗೆ ತುಂಬಿಡುವುದು ಅವರ ರೂಢಿ. ಹೊಸ ಪೆಟ್ಟಿಗೆಗೆ ಆ ಬಾಯಿಯೇ ಇಲ್ಲದ್ದರಿಂದ ತುಂಬಿಡುವುದು ಹಾಗೆಯೇ ಉಳಿದಿತ್ತು. ಪ್ರತಿ ಅಮವಾಸ್ಯೆಗೆ ಅಂಗಡಿಯ ಸಾಮಾನುಗಳನ್ನು ಪೂಜಿಸಿ, ಕಾಯಿ ಒಡೆದು, ಆ ನೀರನ್ನು ಅವುಗಳ ಮೇಲೆ ಚಿಮುಕಿಸುವುದು ಅಚ್ಚುಮೊಳೆಯ ಕಾಲದ ಪದ್ಧತಿ. ತಗಡಿನ ಡಬ್ಬಿಯಾದರೆ ಮೇಲೆ ಬಿದ್ದದ್ದನ್ನು ಒರೆಸಿದರೆ ಮುಗಿಯಿತು.

ಹೆಂಡತಿ ಕೆಂಚವ್ವ ಪೂಜೆಯ ತಟ್ಟೆ ಹಿಡಿದು ಬಂದಳು. "ಬಂದ್ ಮಾಡಬ್ಯಾಡ್ರಿ. ದೀಪ ಹತ್ತಿದ್ರ ಅಗದಿ ಲಕ್ಷಣ ಕಾಣತೈತಿ."

ಅವರು ಬಂದ್ ಮಾಡಲಿಲ್ಲ. ವಿಭೂತಿ ಎಲ್ಲಿಗೆ ಹಚ್ಚಬೇಕೆಂದು ತಡಕಾಡಿ ಆಕೆ ಕೊನೆಗೆ ಗಾಜಿಗೇ ಹಚ್ಚಿದಳು. ಕಾಯಿ ಒಡೆದು ನೀರನ್ನು ಎಂದಿನಂತೆ ಮೇಲೆ ಚಿಮುಕಿಸಿದಳು. ಶಿದ್ಲಿಂಗಪ್ಪನವರು ಕೈಮುಗಿದು ಕಣ್ಣು ಮುಚ್ಚಿದ್ದರು. ಚಟ್ ಎಂಬ ಸದ್ದಿಗೆ ಕಣ್ಣು ತೆರೆದರೆ ದೀಪಗಳೂ ಇಲ್ಲ, ಪತ್ರಿಕೆಯೂ ಇಲ್ಲ. ಜಾಳಿಗೆಯಿಂದ ಕಾಯಿನೀರು ಒಳಗೆ ತೊಟ್ಟಿಕ್ಕುವುದು ಗಾಜಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಗಾಜಿನಿಂದ ಆದ ಉಪಯೋಗ ಅದೊಂದೇ.

"ಅಯ್ಯ ನಮ್ಮವ್ವ, ನಾ ಏನ್ ಮಾಡಿದ್ನಿರಿ?"

"ನೀ ಹಿಂದಿನಾಂಗ ಮಾಡೀದಿ," ಎಂದರು ಶಿದ್ಲಿಂಗಪ್ಪನವರು. "ಡಬ್ಬಿ ಹಿಂದಿನಾಂಗ ಇಲ್ಲ."

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದರು. ಅಂಗಡಿಯವನು ಗಾಜು ಬಿಚ್ಚಿ ನೋಡಿ ನಕ್ಕ.

"ಏನ್ರಿ ಕಾಕಾ, ಇದಕ್ಕ ಅಭಿಷೇಕ ಮಾಡ್ಯಾರೇನ್ರಿ? ವಾರಂಟಿ ಬರೂದಿಲ್ರಿ. ಒಳಗಿನ ಫೈಲು ಸಿಕ್ರ ಸಿಗಬಹುದು. ಒಂದ್ವಾರ ಬಿಟ್ಟು ಬರ್ರಿ."

"ತಲಿ ಮ್ಯಾಲ ತೂತು ಯಾಕ ಇಟ್ಟಾರ?"

"ಬಿಸಿಗಾಳಿ ಮ್ಯಾಲ ಹೋಗತೈತ್ರಿ, ಅದಕ್ಕ."

"ನಮ್ಮ ಅಡಗಿಮನೀ ಹೊಗೀನೂ ಮ್ಯಾಲ ಹೋಗತೈತಿ. ಮಾಳಗಿ ಬೆಳಕಿಂಡಿಗೆ ಒಂದು ಮುಚ್ಚಳ ಅಂತ ಇರತೈತೋ ಇಲ್ಲೋ?"

"ಇದು ಲೇಟೆಸ್ಟ್ ಡಿಸೈನ್ ಐತ್ರಿ ಕಾಕಾ," ಎಂದು ಅವನು ಮುಂದಿನ ಗಿರಾಕಿಯ ಕಡೆಗೆ ತಿರುಗಿದ.

ಬೀಗರು ವಾರ ಕಾಯುವವರಲ್ಲ. ಹುಚ್ಚಪ್ಪ ಹುಬ್ಬಳ್ಳಿಯಲ್ಲಿಯೇ ಬೇರೆಯವರ ಹತ್ತಿರ ಪತ್ರಿಕೆ ಮಾಡಿಸಿ, ಮೊದಲನೆಯದಕ್ಕೆ ಅರಿಷಿಣ ಕುಂಕುಮ ಹಚ್ಚಿ ಶಿದ್ಲಿಂಗಪ್ಪನವರ ಮನೆಗೇ ತಂದ.

"ಬ್ಯಾಸರ ಮಾಡ್ಕೋಬ್ಯಾಡಪಾ. ಎಲ್ಲಾರೂ ಕೂಡಿ ಲಗ್ನಕ್ಕ ಬರ್ರಿ."

ಶಿದ್ಲಿಂಗಪ್ಪನವರು ಕನ್ನಡಕ ಏರಿಸಿ ಮೇಲಿಂದ ಕೆಳಗಿನವರೆಗೆ ಓದಿದರು. ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದರು.

"ತಪ್ಪೈತೇನಲೇ?" ಹುಚ್ಚಪ್ಪನಿಗೆ ಗಾಬರಿ.

"ಇಲ್ಲ," ಎಂದು ಅವರು ಪತ್ರಿಕೆಯನ್ನು ಕೆಂಚವ್ವನ ಕೈಗೆ ಕೊಟ್ಟರು. "ಒಂದೂ ಇಲ್ಲ."